ಮೂರು ಹನಿ ಮರುಗದ ರಸ

ನಾನು ವೈದ್ಯಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಬೆಳಗಾವಿಯಲ್ಲಿ ಈಗಲೂ ವಯಸ್ಸಾದ ಕೆಲವರು ನನ್ನನ್ನು ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುವ ಬದಲು ತಲೆ ವಾಲಿಸಿ ಕಿವಿ ಮುಂದೆ ಮಾಡುತ್ತಾರೆ. ಒಂದು ಕಾಲಕ್ಕೆ ಅರ್ಧ ಟಿಳಕವಾಡಿಯ ಕಿವಿಗಳು ನನ್ನ ಕೈಯಲ್ಲಿದ್ದವು. ಯಾರ ಕಿವಿಯಲ್ಲಿ ಕೂದಲು ಬೆಳೆದಿದೆ, ಯಾರು ಕಿವಿ ತೊಳೆಯದೆ ಎಷ್ಟು ದಿನವಾಗಿದೆ, ಕೋರ್ಟಿನಲ್ಲಿ ಗುಡುಗುವ ವಕೀಲರ ಕಿವಿಯೊಳಗೆ ಏನೇನು ಮನೆ ಮಾಡಿಕೊಂಡಿದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಆಗ ನನಗೆ ಹದಿನಾರು ವರ್ಷ. ಓದಿದ್ದು ನಾಲ್ಕನೆಯ ಇಯತ್ತೆ. ವಾತ ಎಲ್ಲಿರುತ್ತದೆ, ಪಿತ್ತ ಎಲ್ಲಿರುತ್ತದೆ ಎಂದು ಕೇಳಿದರೆ ಈಗಲೂ ಹೊಟ್ಟೆಯ ಕಡೆಗೆ ಸುಮ್ಮನೆ ಕೈ ತೋರಿಸುವವಳು ನಾನು. ಇಂಥವಳು ಮೂರು ಹನಿ ಮರುಗದ ರಸ ಹಿಡಿದು ಊರವರ ಕಿವಿಗಳ ಮೇಲೆ ರಾಜ್ಯಭಾರ ಮಾಡಿದ್ದು ಹೇಗೆ ಎಂದು ಕೇಳುತ್ತೀರಾ? ನನಗೆ ತವರಿಗೆ ಹೋಗಬೇಕಾಗಿತ್ತು. ಅಷ್ಟೇ ಕಾರಣ.

ಇಪ್ಪತ್ತರ ದಶಕದ ನಡುವಿನ ಮಾತು ಇದು. ಊರಿನಲ್ಲಿ ಖಾದಿ ಟೋಪಿಗಳು ಹೊಸದಾಗಿ ಕಾಣಿಸಿಕೊಂಡಿದ್ದವು, ರೈಲು ಗೇಟಿನಾಚೆ ಟಿಳಕವಾಡಿಯಲ್ಲಿ ಒಂದೊಂದೇ ಮನೆ ಏಳುತ್ತಿತ್ತು. ನನ್ನ ತವರು ಖಾನಾಪುರ. ಅಪ್ಪನದು ಭತ್ತದ ವ್ಯಾಪಾರ. ಅತ್ತೆಯ ಮನೆ ಟಿಳಕವಾಡಿ. ಎರಡೂ ಜೈನರ ಮನೆಗಳೇ, ಎರಡೂ ಕಡೆ ಹೊತ್ತು ಮುಳುಗುವುದರೊಳಗೆ ಊಟ, ಎರಡೂ ಕಡೆ ಅದೇ ಬಸದಿ, ಅದೇ ಪಂಚಾಂಗ. ನಡುವೆ ರೈಲಿನಲ್ಲಿ ಒಂದು ತಾಸಿನ ದಾರಿ. ದೇಸೂರು ಬಂತು ಎನ್ನುವುದರೊಳಗೆ ಅರ್ಧ ಮುಗಿದ ಹಾಗೆ. ಆದರೆ ಆ ಒಂದು ತಾಸಿನ ದಾರಿಗೆ ಟಿಕೀಟು ಕೊಟ್ಟರೆ ಸಾಲದು. ಸೊಸೆಯಾದವಳು ತವರಿಗೆ ಹೋಗಬೇಕಾದರೆ ತವರಿನವರು ಕರೆಯಲು ಬರಬೇಕು. ಅವರು ಬರಬೇಕಾದರೆ ಬೀಗರ ಕಡೆಯಿಂದ ಒಂದು ಸುಳಿವು ಹೋಗಬೇಕು. ಕೇಳದೆ ಬಂದರೆ "ಹುಡುಗಿ ಏನರ ದೂರು ಬರದಾಳೇನ?" ಎಂದು ಬೀಗರು ಅನುಮಾನ ಪಡುತ್ತಾರೆ. ಸೊಸೆ ತಾನಾಗಿ ಬಾಯಿಬಿಟ್ಟು ಕೇಳಿದರೆ "ನಮ್ಮ ಮನ್ಯಾಗ ಆಕೀಗೆ ಏನ ಕಮ್ಮಿ ಆಗೇತಿ?" ಎಂದು ಅತ್ತೆ ಮುಖ ಊದಿಸುತ್ತಾಳೆ. ಹೀಗೆ ಎಲ್ಲರೂ ಎಲ್ಲರ ಮರ್ಯಾದೆ ಕಾಯುತ್ತ ಕುಳಿತಾಗ ನಡುವೆ ಸೊರಗುವವಳು ಹುಡುಗಿ. ದೀಪಾವಳಿ ಮುಗಿಸಿ ನಾನು ಗಂಡನ ಮನೆಗೆ ಬಂದಿದ್ದೆ. ಇನ್ನು ತವರು ಕಾಣುವುದು ಪಂಚಮಿಗೆ. ಬೆರಳು ಮಡಚಿ ಲೆಕ್ಕ ಹಾಕಿದರೆ ಒಂಬತ್ತು ತಿಂಗಳು. ಎರಡನೆಯ ಸಲ ಮಡಚಿದರೂ ಒಂಬತ್ತೇ ಆಯಿತು.

ಅತ್ತೆಯ ಮನೆಯಲ್ಲಿ ನನಗೆ ಕಷ್ಟವೇನೂ ಇರಲಿಲ್ಲ. ಹೊಟ್ಟೆ ತುಂಬ ಊಟ, ಹದವಾದ ಬೈಗುಳ. ಮಾವ ಸಾಲಿ ಮಾಸ್ತರರು, ಸಮಾಧಾನದ ಮನುಷ್ಯ. ನಮ್ಮ ಮನೆಯವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಅವರದೂ ದೂರಿಲ್ಲ. ಆದರೂ ಮುಂಜಾನೆ ಎದ್ದ ಕೂಡಲೇ ಏನೋ ಕಳೆದುಕೊಂಡ ಹಾಗೆ ಅನಿಸುತ್ತಿತ್ತು. ಏನು ಎಂದು ಹುಡುಕಿದರೆ ಅದೊಂದು ವಾಸನೆ. ನಮ್ಮ ಖಾನಾಪುರದ ಹಿತ್ತಲಿನಲ್ಲಿ ಬಾವಿಯ ಬಾಜು ಒಂದು ಮಡಿ ಮರುಗ ಇತ್ತು. ಮರುಗ ನಿಮಗೆ ಗೊತ್ತಿರಬೇಕು, ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಹಸುರಾಗಿ ಸೇರಿಸಿ ಕಟ್ಟುತ್ತಾರಲ್ಲ, ಅದು. ಎಲೆ ಸಣ್ಣದು, ಬೂದಿ ಬಳಿದ ಹಸುರು, ಸೆರಗು ತಾಗಿದರೂ ಸಾಕು, ಸಂಜೆಯ ತನಕ ಸೆರಗು ಘಮಘಮ. ಅವ್ವ ಅದನ್ನು ಹೂವಿಗಿಂತ ಹೆಚ್ಚಾಗಿ ಔಷಧಕ್ಕೇ ಬಳಸುತ್ತಿದ್ದಳು. ಮೂಗು ಕಟ್ಟಿದರೆ ಬಿಸಿನೀರಿಗೆ ಹಾಕಿ ಹಬೆ ಹಿಡಿಸುವಳು, ತಲೆನೋವಿಗೆ ಅರೆದು ಹಣೆಗೆ ಹಚ್ಚುವಳು, ಹೊಟ್ಟೆ ಉಬ್ಬರಿಸಿದರೆ ಕಷಾಯ. ನಿದ್ದೆ ಬಾರದ ಅಜ್ಜಿಗೆ ಒಣಗಿದ ಎಲೆ ತುಂಬಿದ ಸಣ್ಣ ದಿಂಬು ಹೊಲಿದುಕೊಟ್ಟಿದ್ದಳು. ಅವಳ ಕೈಬೆರಳುಗಳಿಗೇ ಆ ವಾಸನೆ ಹತ್ತಿತ್ತು. ಹೆರಳು ಹಾಕುವಾಗ ಆ ಬೆರಳುಗಳು ನನ್ನ ಮೂಗಿನ ಹತ್ತಿರ ಬಂದು ಹೋಗುತ್ತಿದ್ದವು. ನನಗೆ ಬೇಕಾಗಿದ್ದದ್ದು ಆ ಬೆರಳು, ಗಿಡವಲ್ಲ.

ಆದರೆ ಬೆರಳು ಬೇಕು ಎಂದು ಕಾರ್ಡಿನಲ್ಲಿ ಬರೆಯಲು ಬರುತ್ತದೆಯೇ? ನಾನು ಬರೆದ ಕಾರ್ಡನ್ನು ಮಾವ ಓದಿ, ನಾಲ್ಕು ಕಡೆ ತಿದ್ದಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ವಿಳಾಸ ಬರೆಯುತ್ತಿದ್ದರು. ಅತ್ತ ಖಾನಾಪುರದಲ್ಲಿ ಅವ್ವನಿಗೆ ಓದು ಬಾರದು. ಟಪಾಲಿನವನೇ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿ ಹೇಳುತ್ತಿದ್ದ, ಓಣಿಯೆಲ್ಲ ಕೇಳುತ್ತಿತ್ತು. ಇಂಥ ಕಾರ್ಡಿನಲ್ಲಿ ಗುಟ್ಟು ಹೇಳಬೇಕಾದರೆ ಜಾಣತನ ಬೇಕು. ನನಗೆ ಜಾಣತನ ಬೇಕಾದಷ್ಟಿತ್ತು. ನಾಲ್ಕು ದಿನ ಯೋಚಿಸಿ, ಶಿರಸಾಷ್ಟಾಂಗ ನಮಸ್ಕಾರ ಎಲ್ಲ ಮುಗಿದ ಮೇಲೆ ಒಂದು ಸಾಲು ಸೇರಿಸಿದೆ: "ಇಲ್ಲಿ ಮರುಗ ಸಿಗುವುದಿಲ್ಲ. ನಮ್ಮ ಹಿತ್ತಲಿನ ಮರುಗದ ನೆನಪು ಬಹಳ ಆಗುತ್ತದೆ." ಇಷ್ಟು ಸಾಕು, ಹೆತ್ತ ತಾಯಿಗೆ ತಿಳಿಯದೇ? ಮಗಳು ಹಿತ್ತಲು ನೆನೆಸಿ ಅಳುತ್ತಿದ್ದಾಳೆ, ಹೋಗಿ ಕರೆದುಕೊಂಡು ಬನ್ನಿ ಎಂದು ಅಪ್ಪನನ್ನು ಅದೇ ದಿನ ರೈಲಿಗೆ ಹತ್ತಿಸುತ್ತಾಳೆ ಎಂದುಕೊಂಡೆ.

ಮಾವ ಕನ್ನಡಕ ಏರಿಸಿ ಓದಿದರು. ಆ ಸಾಲಿಗೆ ಬಂದು ನಿಂತರು.

"ಮರಗ ಸಿಗೂದಿಲ್ಲ ಅಂತ ಯಾಕ ಬರದೀವಾ? ಪ್ಯಾಟ್ಯಾಗ ಹೂವಿನವರ ಹತ್ರ ರಗಡ ಸಿಗತೈತಲ್ಲ."

ನಾನು ತಬ್ಬಿಬ್ಬಾದೆ. ತಬ್ಬಿಬ್ಬಾದಾಗ ಕಿವಿಯ ಓಲೆ ತಿರುಗಿಸುವುದು ನನ್ನ ಚಾಳಿ. ತಿರುಗಿಸುತ್ತ, "ಅದು ಹೂವಿಂದ್ರಿ ಮಾವಾರ. ನಮ್ಮ ಹಿತ್ತಲದ್ದು ಔಷಧದ್ದು," ಎಂದೆ.

"ಯಾವ ಬ್ಯಾನಿಗೆ?" ಎಂದು ಒಳಗಿನಿಂದ ಅತ್ತೆಯ ದನಿ ಬಂತು. ನಮ್ಮ ಅತ್ತೆಗೆ ಬೇನೆಯ ಹೆಸರು ಕೇಳಿದರೆ ಎಲ್ಲಿಲ್ಲದ ಹುರುಪು. ನನ್ನ ಕೈ ಕಿವಿಯ ಮೇಲೇ ಇತ್ತು. "ಕಿವೀಗಿ," ಎಂದುಬಿಟ್ಟೆ. ಅದು ಪೂರ್ತಿ ಸುಳ್ಳೂ ಅಲ್ಲ, ಸಣ್ಣವಳಿದ್ದಾಗ ನನ್ನ ಕಿವಿ ನೋವಿಗೆ ಅವ್ವ ಮರುಗದ ರಸ ಬೆಚ್ಚಗೆ ಮಾಡಿ ಹಾಕಿದ್ದುಂಟು. ಅತ್ತೆ "ಹೌದಾ?" ಎಂದರು. ಆ ಒಂದು "ಹೌದಾ" ನನ್ನ ನಾಲ್ಕು ತಿಂಗಳನ್ನು ತಿಂದು ಹಾಕಿತು.

ಮುಂದಿನ ಶನಿವಾರ ಸಂತೆಗೆ ಬಂದ ಬೆಣ್ಣೆಯ ಗಂಗವ್ವ ನಮ್ಮ ಬಾಗಿಲಲ್ಲಿ ನಿಂತಳು. ಅವಳು ಖಾನಾಪುರದವಳು, ನಮ್ಮ ಓಣಿಯವಳೇ. ನಾನು ಓಡಿ ಹೋಗಿ ಅವಳ ಹಿಂದೆ ಅಪ್ಪ ಇದ್ದಾರೇನು ಎಂದು ನೋಡಿದೆ. ಅಪ್ಪ ಇರಲಿಲ್ಲ, ತಲೆಯ ಮೇಲೆ ಒಂದು ಬುಟ್ಟಿ ಇತ್ತು. "ನಿಮ್ಮವ್ವ ಕೊಟ್ಟಾಳ ನೋಡ ತಂಗಿ, ಕಿತ್ತದ್ದ ಕಿತ್ತದ್ದು!" ಎಂದು ಇಳಿಸಿದಳು. ಬುಟ್ಟಿ ತುಂಬ ಮರುಗ, ಒದ್ದೆ ಬಾಳೆಯೆಲೆ ಮುಚ್ಚಿ ಕಟ್ಟಿದ್ದು. ಎಲೆ ತೆಗೆದ ಕೂಡಲೇ ಪಡಸಾಲೆಯೆಲ್ಲ ನಮ್ಮ ಹಿತ್ತಲಾಯಿತು. ನನಗೆ ಸಂತೋಷವೂ ಆಯಿತು, ಅವ್ವನನ್ನು ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟು ಸಿಟ್ಟೂ ಬಂತು. ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟುಬಿಡುವ ತಾಯಂದಿರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ.

ಅದೇ ದಿನ ಗೋಡೆಯಾಚೆಯ ಕಾಕು ಕಿವಿ ಹಿಡಿದುಕೊಂಡು ಬಂದದ್ದು ನನ್ನ ಗ್ರಹಚಾರ. ಕಾಕು ಎಂದರೆ ಮರಾಠಿ ಮಾತಾಡುವ ನಮ್ಮ ನೆರೆಮನೆಯಾಕೆ, ಅವರ ದನಿಗೆ ಗೋಡೆ ಲೆಕ್ಕವಿಲ್ಲ. "ಅಗಬಾಯೀ, ಕಿವಿ ಜೀವಾ ತಿನ್ನಾಕತ್ತೇತ್ರಿ!" ಎಂದು ಅವರು ಕುಳಿತದ್ದೇ ತಡ, ಅತ್ತೆ ನನ್ನ ಕಡೆ ನೋಡಿದರು. ನಾನು ಎಲೆ ಜಜ್ಜಿ, ಹಿಂಡಿ, ಸೌಟಿನಲ್ಲಿ ಬೆಚ್ಚಗೆ ಮಾಡಿ, ಬೆರಳಿಗೆ ಹಚ್ಚಿ ಬಿಸಿ ನೋಡಿ, ಮೂರು ಹನಿ ಬಿಟ್ಟು ಅರಳೆ ಇಟ್ಟೆ. ಕಾಕು ಕಣ್ಣು ಮುಚ್ಚಿದರು. ಬೆಚ್ಚಗಿನ ಹನಿಗೋ, ವಾಸನೆಗೋ, ಯಾರೋ ಒಬ್ಬರು ತಲೆ ಹಿಡಿದು ಕೂತರಲ್ಲ ಎನ್ನುವ ಸಮಾಧಾನಕ್ಕೋ, ನೋವು ಇಳಿಯಿತು. "ಹಾ ಮರವಾ ನವ್ಹ, ಇದು ಮರಗ ಅಲ್ಲ, ಅಮೃತ!" ಎಂದರು. ಸಂಜೆಯೊಳಗೆ ಇಡೀ ಸಾಲಿಗೆ ಸುದ್ದಿಯಾಯಿತು. ಕಾಕು ಹೇಳಿದ ಮೇಲೆ ಡಂಗುರ ಬೇಕಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಪಡಸಾಲೆ ದವಾಖಾನೆಯಾಯಿತು. ಅತ್ತೆ ಒಂದು ದುಡ್ಡು ಮುಟ್ಟಲಿಲ್ಲ. ಔಷಧದಾನ ದೊಡ್ಡ ದಾನಗಳಲ್ಲಿ ಒಂದು ಎಂದು ಬಸದಿಯಲ್ಲಿ ಕೇಳಿಸಿಕೊಂಡು ಬಂದಿದ್ದರು, ಅದು ಮನೆ ಬಾಗಿಲಿಗೇ ಬಂದಾಗ ಬಿಡುವ ಪೈಕಿ ಅಲ್ಲ. ಆದರೆ ಅವರ ಕಾನೂನುಗಳು ಖಡಕ್ಕು. ಕೆಮ್ಮಿಗೆ ಬಂದವರಿಗೆ ರಸ ಜೇನಿನಲ್ಲಿ ಅಲ್ಲ, ಬೆಲ್ಲದಲ್ಲೇ, ಜೇನು ನಮಗೆ ವರ್ಜ್ಯ. ಕಷಾಯ ಹೊತ್ತು ಮುಳುಗುವುದರೊಳಗೆ ಕುಡಿಯಬೇಕು, ಆಮೇಲೆ ಬಂದವರು ನಾಳೆಯ ತನಕ ಕೆಮ್ಮಬೇಕು. ಅಷ್ಟಮಿ ಚತುರ್ದಶಿಯ ದಿನ ಹಸಿರೆಲೆ ಹರಿಯುವ ಹಾಗಿಲ್ಲ, ಆದ್ದರಿಂದ ಆ ದಿನ ಯಾರ ಕಿವಿಯೂ ನೋಯಬಾರದು. ಬೇರೆ ಜಾತಿಯವರೆಲ್ಲ ನಮ್ಮ ಮನೆಗೆ ಬಂದು "ಅಕ್ಕಾರ, ಇವತ್ತ ಏನ ತಿಥಿ?" ಎಂದು ಕೇಳಿ ಕಿವಿ ಮುಟ್ಟಿಕೊಳ್ಳುವುದನ್ನು ಕಲಿತರು. ಒಂದು ದಿನ ತಾಲೀಮಿನ ಪೈಲವಾನನೊಬ್ಬ ಬಂದ. ಬಾಗಿಲು ತುಂಬುವ ಆಳು, ಕುಸ್ತಿಯಲ್ಲಿ ಮುದ್ದೆಯಾದ ಕಿವಿ. ಮೊದಲ ಹನಿ ಬಿದ್ದ ಕೂಡಲೇ "ಯವ್ವಾ ಸತ್ತೆ!" ಎಂದು ಎದ್ದು ನಿಂತವನನ್ನು ಅತ್ತೆ "ಕುಂದರೋ, ಇನ್ನ ಎರಡ ಅದಾವ," ಎಂದು ಗದರಿಸಿ ಕೂರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಆ ದಿನ ಮಾತ್ರ ಖಾನಾಪುರ ನೆನಪಾಗಲಿಲ್ಲ ಎಂದು ಹೇಳಬೇಕು. ಮರುದಿನ ಎರಡು ದಿನದ್ದು ಸೇರಿ ನೆನಪಾಯಿತು.

ಎರಡನೆಯ ಕಾರ್ಡಿನಲ್ಲಿ ಸುಳಿವನ್ನು ಸ್ವಲ್ಪ ಬಿಚ್ಚಿದೆ: "ಮರುಗ ಮುಟ್ಟಿತು. ಆದರೆ ಬಾವಿಯ ಬಾಜು ನಿಂತು ಮೂಸಿದ ಹಾಗೆ ಆಗುವುದಿಲ್ಲ." ಇದಕ್ಕಿಂತ ಬಿಡಿಸಿ ಹೇಳುವುದು ಸಂಭಾವಿತರ ಮನೆಯ ಹೆಣ್ಣಿಗೆ ಶಕ್ಯವಿಲ್ಲ. ಮುಂದಿನ ಶನಿವಾರ ಗಂಗವ್ವ ಇನ್ನೂ ಭಾರದ ಬುಟ್ಟಿ ಇಳಿಸಿದಳು. ಈ ಸಲ ಗಿಡವೇ ಬಂದಿತ್ತು, ಬೇರು ಸಮೇತ, ಬೇರಿಗೆ ಹಿಡಿದ ಮಣ್ಣು ಸಮೇತ. ಮಣ್ಣೂ ಬರೀ ಹಿಡಿಯಷ್ಟಲ್ಲ, ಸೇರುಗಟ್ಟಲೆ ಕೆಮ್ಮಣ್ಣು, ಬಟ್ಟೆಯಲ್ಲಿ ಬೇರೆಯಾಗಿ ಕಟ್ಟಿಟ್ಟದ್ದು. "ಇಷ್ಟ ಮಣ್ಣ ಯಾಕ ಕಳಿಸ್ಯಾಳ? ಬೆಳಗಾವ್ಯಾಗ ಮಣ್ಣಿಲ್ಲೇನ?" ಎಂದು ಅತ್ತೆ ನಕ್ಕರು. ನಾನು ಹಿತ್ತಲಿಗೆ ಒಯ್ದು ಆ ಗಂಟು ಬಿಚ್ಚಿ ಅದರಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಮೂಗಿನ ತುದಿಗೆ ಕೆಮ್ಮಣ್ಣು ಹತ್ತಿದ್ದು ಗೊತ್ತಾಗಲೇ ಇಲ್ಲ. ಎದ್ದು ಬಂದಾಗ ನಮ್ಮ ಮನೆಯವರು ನೋಡಿ, ದನಿ ತಗ್ಗಿಸಿ ಕೇಳಿದರು, "ಊರಿಗಿ ಹೋಗಬೇಕ ಅನಸ್ತೈತೇನ?"

ಇಂಥ ಪ್ರಶ್ನೆಗಾಗಿ ನಾನು ಎರಡು ತಿಂಗಳಿನಿಂದ ಕಾದಿದ್ದೆ. ಹೂಂ ಎಂದಿದ್ದರೆ ಆಗಿತ್ತು. ನಾನು ಏನೆಂದೆ ಗೊತ್ತೇ? "ಇಲ್ಲಬಿಡ್ರಿ. ಇಲ್ಲೇನ ಕಮ್ಮಿ ಆಗೇತಿ ನನಗ?" ಎಂದೆ. ಮೂಗಿನ ಮೇಲೆ ಖಾನಾಪುರ ಇಟ್ಟುಕೊಂಡು ಹೀಗೆಂದೆ. ಆ ಪಾಪದ ಮನುಷ್ಯ ನಂಬಿದರು.

ಗಿಡವನ್ನು ತೂತು ಬಿದ್ದ ಹಳೆಯ ಕೊಡದಲ್ಲಿ ಅದೇ ಮಣ್ಣು ಹಾಕಿ ನೆಟ್ಟೆ. ಎಂಟೇ ದಿನದಲ್ಲಿ ಚಿಗುರಿತು. ಅತ್ತೆಯ ಮನೆಗೆ ಅದು ನನಗಿಂತ ಬೇಗ ಒಗ್ಗಿಕೊಂಡಿತು ಎಂದು ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಮಾವ ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ತಂದು ಓದಿ ಹೇಳಿದರು: ಈ ಗಿಡ ಮೂಲದಲ್ಲಿ ನಮ್ಮದಲ್ಲವಂತೆ, ಭೂಮಧ್ಯ ಸಮುದ್ರದ ದಂಡೆಯದಂತೆ, ಅಲ್ಲಿಯ ಹಳೆಯ ಕಾಲದ ಜನ ಮದುಮಕ್ಕಳ ತಲೆಗೆ ಇದರ ದಂಡೆ ಕಟ್ಟುತ್ತಿದ್ದರಂತೆ, ಅಲ್ಲಿಯೂ ಹೊಟ್ಟೆನೋವಿಗೆ, ನೆಗಡಿಗೆ, ನಿದ್ದೆಗೆ ಇದೇ ಮದ್ದಂತೆ. ಅತ್ತೆ ಎಲೆ ಬಿಡಿಸುತ್ತ ಕೇಳಿ, "ಅಲ್ಲಿಂದ ಇಲ್ಲೀತನಕ ಬಂದೈತಿ? ಮತ್ತ ಇದನ್ನ ಕರಿಯಾಕ ಯಾರೂ ಬಂದೇ ಇಲ್ಲಲ್ಲ, ಪಾಪ," ಎಂದರು. ಅವರು ಗಿಡದ ಬಗ್ಗೆಯೇ ಹೇಳಿದ್ದು. ನಾನು ಹೊಗೆಯ ನೆಪ ಮಾಡಿಕೊಂಡು ಒಲೆಯ ಮುಂದೆ ಹೋಗಿ ಕಣ್ಣು ಒರೆಸಿಕೊಂಡೆ. ಒಲೆಯಲ್ಲಿ ಬೆಂಕಿ ಇರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ನಾನು ಕಾರ್ಡು ಬರೆಯುತ್ತಲೇ ಹೋದೆ, ಬುಟ್ಟಿ ಬರುತ್ತಲೇ ಹೋಯಿತು. ಒಂದು ಕೊಡದ ಗಿಡ ಅಷ್ಟು ಕಿವಿಗಳಿಗೆ ಎಲ್ಲಿ ಸಾಲಬೇಕು? ಒಮ್ಮೆ ನಮ್ಮ ಮನೆಯವರೇ ಯಾಕೋ ಮನಸ್ಸು ಕರಗಿ ಅತ್ತೆಯ ಮುಂದೆ ಮಾತು ತೆಗೆದರು. "ಅವ್ವಾ, ಆಕೀನ್ನ ನಾಕ ದಿನಾ ಖಾನಾಪುರಕ್ಕ ಕಳಿಸೂಣೇನ?" ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತೆ. ಅತ್ತೆ ಬೆಚ್ಚಿಬಿದ್ದರು. "ಈಗ? ಈ ನೆಗಡಿ ದಿವಸದಾಗ? ರಸಾ ಹಿಂಡವರ ಯಾರು? ನನ್ನ ಕೈ ನಡಗತೈತಿ, ಮೂರ ಹನಿ ಅಂದ್ರ ಮೂವತ್ತ ಬೀಳತಾವ. ಅರ್ಧಾ ಪುಣ್ಯ ಆಕೀದ ಐತಿ, ಹೇಳ ಆಕೀಗೆ." ಅರ್ಧ ಪುಣ್ಯ ಕಟ್ಟಿಕೊಂಡು ನಾನು ಮತ್ತೆ ಅರೆಯುವ ಕಲ್ಲಿನ ಮುಂದೆ ಕುಳಿತೆ. ತವರಿಗೆ ಹೋಗಲು ಹೂಡಿದ ಉಪಾಯವೇ ತವರಿನ ದಾರಿಗೆ ಅಡ್ಡ ಮಲಗಿತ್ತು, ಮಲಗಿಸಿದವಳು ನಾನೇ.

ಹೋಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಮುಂಜಾನೆ ಬಾಗಿಲಲ್ಲಿ ಅಪ್ಪ ನಿಂತಿದ್ದರು. ತಲೆಗೆ ಕಿವಿ ಮುಚ್ಚುವ ಹಾಗೆ ಮಫ್ಲರು ಸುತ್ತಿದ್ದರು. ನನಗೆ ಕಾಲು ನೆಲಕ್ಕೆ ತಾಗಲಿಲ್ಲ. ಕೊನೆಗೂ ಅವ್ವನಿಗೆ ಅರ್ಥವಾಯಿತು, ಕರೆಯಲು ಬಂದರು! ನೀರು ಕೊಟ್ಟೆ, ಮಣೆ ಹಾಕಿದೆ, ಒಳಗೆ ಹೋಗಿ ಸೀರೆಗಳನ್ನು ಮನಸ್ಸಿನಲ್ಲೇ ಗಂಟು ಕಟ್ಟಿದೆ. ಹೊರಗೆ ಬಂದರೆ ಅಪ್ಪ ಅತ್ತೆಗೆ ಹೇಳುತ್ತಿದ್ದಾರೆ: "ಹೊಳ್ಯಾಗ ಈಸ ಬೀಳಾಕ ಹೋಗಿ ಕಿವ್ಯಾಗ ನೀರ ಹೊಕ್ಕೇತ್ರಿ. ಎರಡೂ ಕಿವಿ ನೋವು. ಬೆಣ್ಣಿ ಗಂಗವ್ವ ಹೇಳಿದ್ಲು, ಬೆಳಗಾವ್ಯಾಗ ನಿಮ್ಮ ಬೀಗತಿ ಔಷಧಕ್ಕ ಜನಾ ಸಾಲ ಹಚ್ಚತಾರ ಅಂತ."

ನಾನು ಕಂಬ ಹಿಡಿದುಕೊಂಡೆ. ಅಪ್ಪ ಬಂದದ್ದು ಮಗಳಿಗಾಗಿ ಅಲ್ಲ, ಔಷಧಕ್ಕಾಗಿ. ಅತ್ತೆ ನನ್ನನ್ನು ಕರೆದು ರಸ ಮಾಡಲು ಹೇಳಿದರು. ಅಪ್ಪ ಬಟ್ಟಲಿನಲ್ಲಿದ್ದ ಎಲೆ ಎತ್ತಿ ಮೂಸಿ, "ಇದು ನಮ್ಮ ಹಿತ್ತಲದ ಮರಗ ಅಲ್ಲೇನ್ರಿ?" ಎಂದರು.

"ಮರಗ ನಿಮ್ಮದ ಖರೇ ಬೀಗರ," ಎಂದರು ಅತ್ತೆ, ಒಂದಿಷ್ಟೂ ಅಳುಕದೆ. "ಕೈಗುಣ ನಮ್ಮದು."

ಅತ್ತೆ ಒಲೆಯ ಕಡೆಗೆ ಹೋದರು. ಪಡಸಾಲೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಮಣೆಯ ಮೇಲೆ ತಲೆ ವಾಲಿಸಿ ಕುಳಿತರು. ನಾನು ಒಂದು ಕಿವಿಗೆ ಮೂರು ಹನಿ ಬಿಟ್ಟು ಅರಳೆ ಇಟ್ಟೆ, ತಲೆ ಹೊರಳಿಸಿ ಇನ್ನೊಂದಕ್ಕೂ ಬಿಟ್ಟು ಅರಳೆ ಒತ್ತಿದೆ. ಅಪ್ಪನ ತಲೆಗೂದಲು ನನ್ನ ಕೈಗೆ ತಾಗಿತು. ಮದುವೆಯಲ್ಲಿ ಇಷ್ಟು ಬೆಳ್ಳಗಿರಲಿಲ್ಲ. ಮರ್ಯಾದೆ, ಸುಳಿವು, ಜಾಣತನ ಎಲ್ಲ ಅತ್ತ ಸರಿಸಿ ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ, "ಅಪ್ಪಾ, ನನ್ನ ಊರಿಗಿ ಕರ್ಕೊಂಡು ಹೋಗು."

"ಹಾಂ! ಬೆಚ್ಚಗ ಹಿತಾ ಆತ ನೋಡ ಮಗಳ!" ಎಂದರು ಅಪ್ಪ.

ಅರಳೆಯ ಮೇಲಿಂದ ಮಾತು ಒಳಗೆ ಇಳಿದಿರಲಿಲ್ಲ. ಇನ್ನೊಂದು ಕಿವಿಗೆ ಬಂದು ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ಹೌದೌದು, ಗಂಗವ್ವ ಹೇಳಿದ್ದ ಖರೇ ಐತಿ," ಎಂದು ತಲೆ ಆಡಿಸಿದರು. ನನಗೆ ಆಗ ಏನಾಯಿತೋ ತಿಳಿಯದು. ನಾಲ್ಕು ತಿಂಗಳು ಕಾರ್ಡಿನಲ್ಲಿ ಅಡಗಿಸಿಟ್ಟದ್ದೆಲ್ಲ ಒಟ್ಟಿಗೇ ಹೊರಬಿತ್ತು. "ಅಪ್ಪಾ! ನನಗ ಮನೀಗಿ ಹೋಗಬೇಕು! ಅವ್ವನ್ನ ನೋಡಬೇಕು! ನನ್ನ ಕರ್ಕೊಂಡ ಹೋಗೋ!" ಎಂದು ಕೂಗಿಬಿಟ್ಟೆ. ಒಳಗೆ ಸೌಟಿನ ಸದ್ದು ನಿಂತಿತು. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ನಮ್ಮ ಮನೆಯವರು ಒಂದು ಕಾಲು ಎತ್ತಿಕೊಂಡೇ ನಿಂತರು. ಮಾವನ ಕೈಯಿಂದ ಪುಸ್ತಕ ಜಾರಿತು. ಗೋಡೆಯಾಚೆಯಿಂದ ಕಾಕು "ಕಾಯ ಝಾಲಂ ಗ? ಏನಾತ?" ಎಂದು ಕೇಳಿದರು. ಕೇಳದೇ ಇದ್ದವರು ಅಪ್ಪ ಒಬ್ಬರೇ. ಅವರು ಕಣ್ಣು ಮುಚ್ಚಿ ನಗುತ್ತ, "ಕೈಗುಣ ಐತ್ರಿ ಬೀಗತೇರ, ಖರೇನ ಐತಿ," ಎಂದು ಗೋಡೆಗೆ ಹೇಳಿದರು.

ಅತ್ತೆ ಹೊರಗೆ ಬಂದರು. ನಾನು ನೆಲ ಬಿರಿದರೆ ಸಾಕು ಎಂದು ನಿಂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ನೆಟ್ಟಗೆ ಅಪ್ಪನ ಹತ್ತಿರ ಹೋಗಿ ಒಂದು ಕಿವಿಯ ಅರಳೆ ಕಿತ್ತು, "ಬೀಗರ, ನಿಮ್ಮ ಕಿವಿ ಒಂದ ದಿನದ ಔಷಧಕ್ಕ ಬಗ್ಗೂ ಕಿವಿ ಅಲ್ಲ. ಹದಿನೈದ ದಿವಸ ಹಾಕಬೇಕು, ಮುಂಜಾನಿ ಸಂಜಿ. ಹಾಕವರ ಬೇಕಲ್ಲ? ಹುಡುಗೀನ್ನ ಕರ್ಕೊಂಡ ಹೋಗ್ರಿ," ಎಂದರು. ಅಪ್ಪ ಗಾಬರಿಯಿಂದ "ನಿಮಗ ತ್ರಾಸ ಆಗೂದಿಲ್ಲೇನ್ರಿ?" ಎಂದರೆ, "ಔಷಧದಾನದಾಗ ತ್ರಾಸ ಏನ ಬಂತು," ಎಂದು ಅರಳೆಯನ್ನು ಮತ್ತೆ ಕಿವಿಗೆ ತುರುಕಿದರು. ಆಮೇಲೆ ಒಳಗೆ ನನ್ನ ಸೀರೆ ಮಡಚಿಕೊಡುತ್ತ ಗದರಿದರು. "ನಾಕ ತಿಂಗಳಾತು ಮರಗಾ ಮರಗಾ ಅನ್ನಾಕತ್ತಿ. ನನಗ ಒಂದ ಮಾತ ಹೇಳಬಾರದೇನ? ನಾನೇನ ತವರಮನಿ ಇಲ್ಲದ ಹುಟ್ಟಿ ಬಂದೇನಿ? ನಿಪ್ಪಾಣಿ ಕಂಡು ಹನ್ನೆರಡ ವರ್ಷಾತು. ಕರಿಯಾಕ ಬರೂ ಅಣ್ಣ ಇಲ್ಲ ಈಗ." ಇಷ್ಟು ಹೇಳಿ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚಿದರು. ಇಷ್ಟು ದಿನ ಅವರನ್ನು ಬರೀ ಅತ್ತೆ ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ರೈಲಿನಲ್ಲಿ ನಾನು ಕೂರಲಿಲ್ಲ. ದೇಸೂರು ದಾಟಿ ಮಣ್ಣು ಕೆಂಪಾಗುತ್ತ ಬಂದಾಗ ಕಿಟಕಿಯಿಂದ ಅರ್ಧ ಹೊರಗಿದ್ದೆ. ಅಪ್ಪ ಅರಳೆಯ ಕಿವಿಯವರ ಗಟ್ಟಿ ದನಿಯಲ್ಲಿ "ಕುಂದರವಾ, ಬೀಳತಿ!" ಎಂದು ಡಬ್ಬಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಖಾನಾಪುರದಲ್ಲಿ ಮನೆ ಮುಟ್ಟಿದವಳು ಅವ್ವನನ್ನೂ ದಾಟಿಕೊಂಡು ನೆಟ್ಟಗೆ ಹಿತ್ತಲಿಗೆ ಓಡಿದೆ. ಬಾವಿ ಇತ್ತು, ಬಾವಿಯ ಬಾಜು ಮಡಿ ಇತ್ತು. ಮರುಗ ಇರಲಿಲ್ಲ. ಕೆದಕಿದ ಕೆಮ್ಮಣ್ಣು, ಅಲ್ಲೊಂದು ಇಲ್ಲೊಂದು ಒಣಗಿದ ಕಡ್ಡಿ. ಬಗ್ಗಿ ಮೂಸಿದರೆ ಬರೀ ಬಿಸಿಲಿನ ವಾಸನೆ. ನಾನು ಹಂಬಲಿಸಿದ್ದನ್ನೆಲ್ಲ ನಾನೇ ವಾರವಾರ ತರಿಸಿಕೊಂಡು, ಅರೆದು, ಕಂಡ ಕಂಡವರ ಕಿವಿಗೆ ಹುಯ್ದು ಮುಗಿಸಿದ್ದೆ.

ಅವ್ವ ಹಿಂದೆ ಬಂದು ನಿಂತಳು. "ಎಲ್ಲಾ ನಿನಗ ಕಳಿಸೀನಿ," ಎಂದಳು. "ಕಡೀಕ ಬೇರೂ ಉಳೀಲಿಲ್ಲ."

"ನಾ ಬರಬೇಕಂತಿದ್ದೆ ಅವ್ವಾ. ಅದಕ್ಕ ಮರಗ ಮರಗ ಅಂತ ಬರೀತಿದ್ದೆ. ನಿನಗ ತಿಳೀಲಿಲ್ಲೇನ?"

ಅವ್ವ ನನ್ನ ಮುಖವನ್ನೇ ನೋಡಿದಳು. "ಹಂಗಂತ ಯಾರಿಗಿ ತಿಳೀತೈತಿ? ಕಾರ್ಡ ಬಂದಾಗೊಮ್ಮೆ ಎರಡೆರಡ ಸಲ ಓದಸ್ತಿದ್ದೆ, ಬರ್ತೀನಿ ಅಂತ ಎಲ್ಲೆರ ಬರದಾಳೇನ ಅಂತ. ಬರೇ ಮರಗ. ಮಗಳಿಗಿ ನಮ್ಮ ನೆಪ್ಪ ಇಲ್ಲ, ಗಿಡದ ನೆಪ್ಪ ಐತಿ ಅಂತ ನಿಮ್ಮಪ್ಪನ ಮುಂದ ಅತ್ತೇನಿ. ಬಾ ಅಂತ ಬರಸ್ಬೇಕು ಅಂದ್ರ ಬೀಗರ ಓದತಾರ. ಅದಕ್ಕ ಮಣ್ಣ ಕಟ್ಟಿ ಕಳಿಸಿದೆ. ಹಿತ್ತಲದ ಮಣ್ಣ ಕಂಡ್ರ ತಿಳೀತೈತಿ, ಓಡಿ ಬರ್ತಾಳ ಅಂತ." ಆಮೇಲೆ "ಏನ ಮಾಡಿದಿ ಆ ಮಣ್ಣ?" ಎಂದು ಕೇಳಿದಳು.

ಕೊಡಕ್ಕೆ ಹಾಕಿ ಗಿಡ ನೆಟ್ಟೆ ಎಂದೆ. ಇಬ್ಬರೂ ಖಾಲಿ ಮಡಿಯ ಬದುವಿನ ಮೇಲೆ ಕುಳಿತು ಮೊದಲು ನಕ್ಕೆವು, ಆಮೇಲೆ ಅತ್ತೆವು, ಆಮೇಲೆ ಅವ್ವ ನನ್ನ ಹೆರಳು ಬಿಚ್ಚಿ ಮತ್ತೆ ಹಾಕಿದಳು. ಅಪ್ಪನ ಕಿವಿಗೆ ಹದಿನೈದು ದಿನ ನಾನು ಬೆಳಗಾವಿಯಿಂದ ಕಟ್ಟಿಕೊಂಡು ಹೋಗಿದ್ದ ಎಲೆಯ ರಸವನ್ನೇ ಹಾಕಿದೆ. ನೋವು ಮೂರನೆಯ ದಿನಕ್ಕೇ ಹೋಗಿತ್ತಂತೆ. ಹದಿನೈದನೆಯ ದಿನದ ತನಕ ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಬುದ್ಧಿ ಕಲಿತಿರಬೇಕು ಎಂದು ನೀವು ಅಂದುಕೊಂಡಿರಬಹುದು. ನನಗೂ ಒಬ್ಬಳು ಮಗಳಿದ್ದಾಳೆ, ಧಾರವಾಡಕ್ಕೆ ಕೊಟ್ಟಿದ್ದೇವೆ. ಅವಳು ಬಂದು ಹೋಗಿ ಎಂಟು ತಿಂಗಳಾಯಿತು. ಈಗ ಕಾರ್ಡು ಓದಿ ತಿದ್ದುವ ಮಾವನವರೂ ಇಲ್ಲ, ಗಟ್ಟಿಯಾಗಿ ಓದಿ ಓಣಿಗೆ ಹೇಳುವ ಟಪಾಲಿನವನೂ ಇಲ್ಲ. "ಬಾ" ಎಂಬುದು ಒಂದೇ ಅಕ್ಷರ, ನಾಲ್ಕನೆಯ ಇಯತ್ತೆಯೂ ಬೇಕಿಲ್ಲ. ಹೋದ ವಾರ ಕುಳಿತು ಕಾರ್ಡಿನ ಎರಡೂ ಬದಿ ತುಂಬ ಅವಳಿಗೆ ಬರೆದೆ. ಇಲ್ಲಿ ಎಲ್ಲರೂ ಕ್ಷೇಮ, ಬಿಸಿಲು ಬಹಳ, ಈ ವರ್ಷದ ಮಾವಿನ ಉಪ್ಪಿನಕಾಯಿ ಚೆನ್ನಾಗಿ ಬಂದಿದೆ, ಊಟಕ್ಕೆ ಕುಳಿತಾಗ ನಿನ್ನ ನೆನಪಾಗುತ್ತದೆ ಎಂದು ಬರೆದೆ. ನಿನ್ನೆ ಉತ್ತರ ಬಂತು: "ನಮ್ಮ ಮನೆಯ ಉಪ್ಪಿನಕಾಯಿ ಮುಗಿದಿದೆ. ನಿನ್ನ ಕೈಯದು ಬಹಳ ನೆನಪಾಗುತ್ತದೆ. ಯಾರಾದರೂ ಬರುವವರಿದ್ದರೆ ಅವಶ್ಯ ಕಳಿಸು." ಇದರ ಅರ್ಥವೇನು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಯೋಚಿಸುತ್ತ ಯೋಚಿಸುತ್ತ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೇನೆ.